ಕಾಲಿನ ಹರಡು ಮುಳುಗುವಷ್ಟು ನೀರು

“ಗುರುಗಳೇ, ಬಲ್ಲಿದನೊಬ್ಬನಿಗೆ ‘ಇನ್ನು ಸಾಕು’ ಎನ್ನಲು ನಾನೊಬ್ಬ ಸಾಕೇ?”

ಶಿಷ್ಯ ಹೀಗೆ ಕೇಳಿದಾಗ ಬಿಸಿಲು ಇನ್ನೂ ಮಠದ ಅಂಗಳಕ್ಕೆ ಇಳಿದಿರಲಿಲ್ಲ. ನೀರು ತರಲು ಹೋದವನು ಬರಿಗೊಡ ಹಿಡಿದು ಹಿಂದಿರುಗಿದ್ದ. ಮಠದ ಪಕ್ಕದ ತೋಟದ ಸಾಹುಕಾರ ವರ್ಷಕ್ಕೊಮ್ಮೆ ತನ್ನ ಬೇಲಿಯನ್ನು ಮುಂದಕ್ಕೆ ಸರಿಸುತ್ತಿದ್ದ. ಒಂದು ವರ್ಷ ಒಂದು ಮಾರು, ಮರುವರ್ಷ ಇನ್ನೊಂದು ಮಾರು. ಈ ದಿನ ಅವನ ಆಳುಗಳು ಬಾವಿಯ ದಾರಿಗೇ ಅಡ್ಡಲಾಗಿ ಕಂಬದ ಗುಂಡಿ ತೋಡುತ್ತಿದ್ದರು. ಆ ಬಾವಿ ಮಠದ್ದೂ ಅಲ್ಲ, ಸಾಹುಕಾರನದೂ ಅಲ್ಲ. ಸುತ್ತಲಿನ ಹತ್ತು ಗುಡಿಸಲುಗಳ ಜನ ಅದರ ನೀರನ್ನೇ ಸೇದಿ ಕುಡಿಯುತ್ತಿದ್ದರು.

“ನೀನು ಅವರಿಗೆ ಏನೆಂದೆ?” ಎಂದು ಗುರು ಕೇಳಿದರು.

“ಏನೂ ಎನ್ನಲಿಲ್ಲ. ನನಗೆ ಹೊಲವಿಲ್ಲ, ಮನೆಯಿಲ್ಲ, ಬೆನ್ನಿಗೆ ಜನವಿಲ್ಲ. ನಾನು ಸಾಕು ಎಂದರೆ ಯಾರು ಕಿವಿಗೊಡುತ್ತಾರೆ ಎಂದುಕೊಂಡು ಬಂದುಬಿಟ್ಟೆ.”

“ಕೊಡ ಕೆಳಗಿಡು, ಕುಳಿತುಕೋ” ಎಂದು ಗುರು ಕತೆಯನ್ನು ಹೇಳತೊಡಗಿದರು.

ಒಂದು ಊರು. ಊರಿಗೊಂದು ಕೆರೆ. ಕೆರೆಗೆ ಒಂದೇ ತೂಬು. ತೂಬು ಎತ್ತಿದರೆ ನೀರು ಕಾಲುವೆಗೆ ಬಿದ್ದು ಮೊದಲು ಊರ ಗೌಡನ ಗದ್ದೆಗೆ ಹೋಗುತ್ತಿತ್ತು, ಆಮೇಲೆ ನಡುವಣ ಗದ್ದೆಗಳಿಗೆ, ಎಲ್ಲರದೂ ಮುಗಿದ ಮೇಲೆ ಕೊನೆಯ ಗದ್ದೆಗಳಿಗೆ. ಕೊನೆಯ ಗದ್ದೆಗಳು ಮೂವತ್ತು ಮನೆಯವರವು. ಅಲ್ಲಿ ನಿಂತರೆ ಕೆರೆಯ ಏರಿಯೂ ಕಾಣುತ್ತಿರಲಿಲ್ಲ. ತಲೆಯಿಂದ ಕೊನೆಯವರೆಗೆ ನೀರು ಒಮ್ಮೆ ಹೋಗಿ ಮುಟ್ಟಿದರೆ ಅದನ್ನು ಒಂದು ಪಾಳಿ ಎನ್ನುತ್ತಿದ್ದರು. ನಾಟಿಯಿಂದ ಕೊಯ್ಲಿನವರೆಗೆ ಹತ್ತು ಪಾಳಿ. ತೂಬಿನ ಕಲ್ಲುಕಂಬದ ಮೇಲೆ ಹಿರಿಯರು ಹತ್ತು ಗೀರು ಕೆತ್ತಿಸಿದ್ದರು, ಪಾಳಿಗೊಂದು ಗೀರು.

ನೀರು ಬಿಡುವವನು ನೀರಗಂಟಿ. ಆ ಊರಿನಲ್ಲಿ ನೀರಗಂಟಿಗೆ ಸ್ವಂತ ಗದ್ದೆ ಇರಕೂಡದು ಎಂಬ ಕಟ್ಟಳೆ ಇತ್ತು. ತನ್ನದೂ ಒಂದು ಗದ್ದೆ ಇದ್ದವನ ಕಣ್ಣು ನೀರಿನ ಜೊತೆಯಲ್ಲೇ ತನ್ನ ಬದುವಿನ ಕಡೆಗೆ ಓಡುತ್ತದೆ. ಅದು ಹಿರಿಯರಿಗೆ ಗೊತ್ತಿತ್ತು. ಕಣದಲ್ಲಿ ಪ್ರತಿ ಮನೆಯವರೂ ಅವನಿಗೆ ಮೊರ ತುಂಬ ಭತ್ತ ಕೊಡುತ್ತಿದ್ದರು. ಅಷ್ಟೇ ಅವನ ಬದುಕು.

ಅಳತೆ ಹೇಗೆ ಎಂದು ಕೇಳುತ್ತೀಯೇನೋ. ಅಳತೆಗೆ ಕೋಲೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ನೀರಗಂಟಿಯ ಕಾಲೇ ಅಳತೆ. ನೀರು ಗದ್ದೆಗೆ ನುಗ್ಗುವಾಗ ಅವನು ಗದ್ದೆಯ ನಡುವೆ ಹೋಗಿ ಕೆಸರಿನಲ್ಲಿ ನಿಲ್ಲುತ್ತಿದ್ದ. ಪಾದದ ಪಕ್ಕಕ್ಕೆ ಉಬ್ಬಿಕೊಂಡಿರುವ ಮೂಳೆ ಇದೆಯಲ್ಲ, ಹರಡು, ಅದು ಮುಳುಗಿತೋ, “ಸಾಕು” ಎನ್ನುತ್ತಿದ್ದ. ಸನಿಕೆಯಿಂದ ಒಂದು ಮಣ್ಣಿನ ಹೆಂಟೆ ಎತ್ತಿ ಗದ್ದೆಯ ಬಾಯಿಗೆ ಹಾಕಿ ಮುಚ್ಚುತ್ತಿದ್ದ. ಅವನು ಗದ್ದೆಯಲ್ಲಿ ನಿಂತು ಸಾಕು ಎಂದ ಮೇಲೆ ಆ ಬಾಯನ್ನು ಯಾರೂ ತೆರೆಯುವಂತಿರಲಿಲ್ಲ. ಗೌಡನೂ ತೆರೆಯುತ್ತಿರಲಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ, ನಡೆದುಕೊಂಡು ಬಂದಿತ್ತು.

ನಲವತ್ತು ವರ್ಷ ಈ ಕೆಲಸ ಮಾಡಿದವನು ಕದರಪ್ಪ. ಅವನಿಗೆ ಒಬ್ಬಳೇ ಮಗಳು, ಮಾರಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಹನ್ನೆರಡು ವರ್ಷ ಅಪ್ಪನ ಹಿಂದೆ ಬದುವಿನ ಮೇಲೆ ನಡೆದಿದ್ದಳು. ಯಾವ ಗದ್ದೆ ಎಷ್ಟು ಹೊತ್ತು ಕುಡಿಯುತ್ತದೆ, ಯಾವ ಬದುವಿನಲ್ಲಿ ಏಡಿ ತೂತು ಕೊರೆದಿದೆ, ಯಾವ ಮನೆಯಾತ ಅಪ್ಪ ಬೆನ್ನು ತಿರುಗಿಸಿದ ಕೂಡಲೆ ಹೆಂಟೆ ಸರಿಸಿ ಮತ್ತೆ ಇಡುತ್ತಾನೆ, ಎಲ್ಲ ಅವಳಿಗೆ ಗೊತ್ತಿತ್ತು. ಒಂದು ವರ್ಷ ಕೆರೆ ತುಂಬಿ, ನಾಟಿ ಮುಗಿದು, ಎಲ್ಲರ ಗದ್ದೆಯೂ ಹಸಿರಾಗಿದ್ದಾಗ ಕದರಪ್ಪ ಕಣ್ಣು ಮುಚ್ಚಿದ.

ಹದಿಮೂರು ದಿನ ಕಳೆದ ಮೇಲೆ ಊರು ಚಾವಡಿಯಲ್ಲಿ ಸೇರಿತು. ಸನಿಕೆ ಮಾರಕ್ಕನಿಗೇ ಎಂದು ಎಲ್ಲರೂ ತಿಳಿದಿದ್ದರು. ಅವಳೂ ಹಾಗೆಯೇ ತಿಳಿದು ಅಪ್ಪನ ಸನಿಕೆಯನ್ನು ತೊಳೆದು ತಂದಿದ್ದಳು.

ಗೌಡ ಬುದ್ಧಿವಂತ. ಹೆಂಗಸು ಬೇಡ ಎಂದು ಅವನು ಹೇಳಲಿಲ್ಲ. ಹಾಗೆ ಹೇಳಿದ್ದರೆ ಕೆಲವರಾದರೂ ಅವಳ ಪರ ನಿಲ್ಲುತ್ತಿದ್ದರು. ಅವನು ಅವಳ ಕಾಲು ನೋಡಿದ.

“ಅಲ್ರಯ್ಯ, ಈವಮ್ಮನ ಪಾದ ನೋಡ್ರಿ. ಹಿಡಿಯಷ್ಟು ಐತೆ. ಇವ್ಳ ಹರಡು ಮುಳುಗೋ ನೀರ್ನಾಗೆ ಕಪ್ಪೇನೂ ಈಜಾಕಿಲ್ಲ” ಎಂದ.

ಚಾವಡಿ ನಕ್ಕಿತು. ಗೌಡ ಪೊರಕೆಯಿಂದ ಒಂದು ಕಡ್ಡಿ ಹಿರಿದು ಅವಳ ಪಾದದ ಪಕ್ಕ ನಿಲ್ಲಿಸಿ, ಹರಡಿನ ಎತ್ತರಕ್ಕೆ ಉಗುರಿನಿಂದ ಗುರುತು ಮಾಡಿದ. ಆಮೇಲೆ ಗಂಡಸರೆಲ್ಲ ಚಪ್ಪಲಿ ಬಿಟ್ಟು ಸಾಲಾಗಿ ನಿಂತರು. ಒಬ್ಬೊಬ್ಬರ ಕಾಲಿಗೂ ಕಡ್ಡಿ ಹಿಡಿದು ಅಳೆದದ್ದಾಯಿತು. ಹುಡುಗಿ ನೋಡಲು ಹೋದಾಗಲೂ ಯಾರೂ ಕಾಲನ್ನು ಅಷ್ಟು ಹೊತ್ತು ನೋಡಿರಲಾರರು. ಕೊನೆಗೆ ಎಲ್ಲರನ್ನೂ ಮೀರಿಸಿದವನು ಹೊರಗಿನಿಂದ ಬಂದು ಊರಿನಲ್ಲಿ ಚಪ್ಪಡಿ ಹೊರುತ್ತಿದ್ದ ಈರಣ್ಣ. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಉದ್ದ. ಅವನ ಹರಡು ಮಾರಕ್ಕನ ಹರಡಿಗಿಂತ ಎರಡು ಬೆರಳು ಮೇಲಿತ್ತು. ಅವನಿಗೂ ಗದ್ದೆ ಇರಲಿಲ್ಲ. ಕಟ್ಟಳೆ ಎಲ್ಲಿಯೂ ಮುರಿದಂತಾಗಲಿಲ್ಲ.

ಇಲ್ಲಿ ಗೌಡನೊಬ್ಬನನ್ನು ಬಯ್ಯಲು ಆತುರಪಡಬೇಡ. ಎರಡು ಬೆರಳು ನೀರು ಹೆಚ್ಚಾಗುವುದು ಗೌಡನ ಗದ್ದೆಗೆ ಮಾತ್ರ ಅಲ್ಲವಲ್ಲ, ತನ್ನ ಗದ್ದೆಗೂ ಆಗುತ್ತದಲ್ಲ ಎಂದು ಪ್ರತಿಯೊಬ್ಬನೂ ಮನಸ್ಸಿನಲ್ಲೇ ಹಿಗ್ಗಿದ. ಎಲ್ಲರಿಗಿಂತ ಜೋರಾಗಿ ಹೂಂಗುಟ್ಟಿದವರು ಕೊನೆಯ ಗದ್ದೆಯವರು. ಅವರಿಗೂ ಎರಡು ಬೆರಳು ಬರುತ್ತದೆಂದು ಅವರು ನಂಬಿದ್ದರು.

ಮಾರಕ್ಕ ಒಂದೇ ಮಾತು ಕೇಳಿದಳು: “ಕಾಲು ಉದ್ದಾದ್ರೆ ಕೆರೆ ದೊಡ್ದಾಯ್ತದಾ?”

ಕೊನೆಯ ಗದ್ದೆಯ ಒಬ್ಬ ಮುದುಕ, “ಸುಮ್ನಿರವ್ವ, ನಿಂಗೇನ್ ಗದ್ದೆ ಐತಾ?” ಎಂದ. ಆ ಮಾತು ಅವಳಿಗೆ ಚುಚ್ಚಿತು. ಗದ್ದೆ ಇಲ್ಲ ಎಂಬ ಕಾರಣಕ್ಕೇ ನಲವತ್ತು ವರ್ಷ ಅವಳ ಅಪ್ಪನನ್ನು ನಂಬಿದವರು, ಅದೇ ಕಾರಣಕ್ಕೆ ಇವತ್ತು ಅವಳ ಬಾಯಿ ಮುಚ್ಚಿಸಿದರು. ಅವಳು ಸನಿಕೆಯನ್ನು ಹೆಗಲಿಗೇರಿಸಿ ಮನೆಗೆ ಹೋದಳು. ಈರಣ್ಣನಿಗೆ ಊರಿನವರು ಹೊಸ ಸನಿಕೆ ಮಾಡಿಸಿಕೊಟ್ಟರು.

ಕೆರೆ ತುಂಬಿತ್ತು. ಮೊದಲ ಪಾಳಿಗಳಲ್ಲಿ ಎಲ್ಲರ ಗದ್ದೆಯೂ ಎರಡು ಬೆರಳು ಹೆಚ್ಚು ಕುಡಿಯಿತು. ಊರೆಲ್ಲ ಗೌಡನನ್ನು ಹೊಗಳಿತು. ಹೊಗಳಿಕೆ ಕೇಳಿದ ಗೌಡನ ತಲೆಗೆ ಇನ್ನೊಂದು ಯೋಚನೆ ಬಂತು. ನೀರಗಂಟಿ ಪಾಪ ದಿನವಿಡೀ ಕೆಸರಿನಲ್ಲಿ ನಿಲ್ಲುತ್ತಾನೆ, ಅವನ ಕಾಲು ಕೊಳೆಯುತ್ತದೆ ಎಂದು ಕನಿಕರಪಟ್ಟು, ತನ್ನ ಗದ್ದೆಯ ನಡುವೆ ಒಂದು ಕಲ್ಲು ಹಾಕಿಸಿದ. ಈರಣ್ಣ ಅದರ ಮೇಲೆ ನಿಲ್ಲಬೇಕು. ಕಲ್ಲು ನಾಲ್ಕು ಬೆರಳು ದಪ್ಪ ಇತ್ತು. ಬದುವನ್ನೂ ಅಷ್ಟೇ ಎತ್ತರಿಸಿದ್ದಾಯಿತು.

ಮರುಪಾಳಿಗೆ ನಡುವಣ ಗದ್ದೆಯವರೆಲ್ಲರಿಗೂ ಈರಣ್ಣನ ಕಾಲಿನ ಮೇಲೆ ಅದೇ ಕನಿಕರ ಹುಟ್ಟಿತು. ಗದ್ದೆಗೊಂದು ಕಲ್ಲು ಬಿತ್ತು. ಕೊನೆಯ ಗದ್ದೆಯವರು ಹಿಂದೆ ಬೀಳುತ್ತಾರೆಯೇ? ಅವರೂ ಹೊತ್ತು ತಂದು ಹಾಕಿದರು. ಒಬ್ಬಾತನಂತೂ ಮನೆಯ ಒರಳುಕಲ್ಲನ್ನೇ ಬೋರಲು ಹಾಕಿದ. ಅವನ ಹೆಂಡತಿ ಅಂದಿನಿಂದ ನೆರೆಮನೆಯಲ್ಲಿ ರುಬ್ಬಿಕೊಳ್ಳುತ್ತಿದ್ದಳು.

ಈರಣ್ಣ ಕೆಟ್ಟವನಲ್ಲ. ಕಲ್ಲು ತೋರಿಸಿದರು, ನಿಂತ. ಹರಡು ಮುಳುಗಿದಾಗ ಸಾಕು ಎಂದ. ಹೇಳಿದ ಕೆಲಸ ಮಾಡುವವನಿಗೆ ನಿಯತ್ತು ಇದೆ ಎಂದು ಎಲ್ಲರೂ ಮೆಚ್ಚಿದರು. ಹೇಳಿದವರು ಯಾರು, ಹೇಳಿದ್ದು ಏನು ಎಂದು ಅವನೂ ಕೇಳಲಿಲ್ಲ.

ಐದನೆಯ ಪಾಳಿಯಲ್ಲಿ ನೀರು ಕೊನೆಯ ಗದ್ದೆಗಳಿಗೆ ಬಂದದ್ದು ಪೈರಿನ ಬುಡ ನೆನೆಯುವಷ್ಟು. ಆರನೆಯ ಪಾಳಿಯಲ್ಲಿ ಬರಲೇ ಇಲ್ಲ. ಕೊನೆಯ ಗದ್ದೆಗಳಲ್ಲಿ ಕಲ್ಲುಗಳು ಇದ್ದವು. ನೀರು ಇರಲಿಲ್ಲ.

ಮಾರಕ್ಕ ಆ ಗದ್ದೆಗಳಲ್ಲೇ ಕಳೆ ಕೀಳುವ ಕೂಲಿಗೆ ಹೋಗುತ್ತಿದ್ದಳು. ಮಣ್ಣು ಬಿರುಕು ಬಿಡುವುದನ್ನು ದಿನವೂ ನೋಡಿದಳು. ಮೊದಮೊದಲು ಅವಳಿಗೆ ಒಳಗೊಳಗೇ ಖುಷಿಯಾಯಿತು. ಅನುಭವಿಸಲಿ, ಕಡ್ಡಿ ಹಿಡಿದು ನನ್ನ ಕಾಲು ಅಳೆಯುವಾಗ ನಕ್ಕವರಲ್ಲವೇ ಎಂದುಕೊಂಡಳು. ಆದರೆ ಪೈರು ನಕ್ಕಿರಲಿಲ್ಲ. ತೆನೆ ಹೊರಡುವ ಮುನ್ನ ಹೊಡೆ ತುಂಬುವ ಹೊತ್ತಿನಲ್ಲಿ ಅದರ ಗರಿ ಸುರುಳಿ ಸುತ್ತಿಕೊಳ್ಳುವುದನ್ನು ಕಂಡಾಗ ಅವಳು ಕಿತ್ತ ಕಳೆಯನ್ನು ಅಲ್ಲೇ ಬಿಟ್ಟು ಎದ್ದಳು. ಈ ಹೊತ್ತಿನ ನೀರು ತಪ್ಪಿದರೆ ಮೂವತ್ತು ಮನೆಯವರೂ ಕೊಯ್ಯುವುದು ಬರಿಯ ಜೊಳ್ಳು. ಅಷ್ಟೂ ಮನೆಗಳಲ್ಲಿ ಆ ವರ್ಷ ಅನ್ನ ಇಲ್ಲ.

ಅವಳು ತೂಬಿಗೆ ಹೋಗಿ ಕಂಬ ನೋಡಿದಳು. ಆರು ಪಾಳಿ ಮುಗಿದಾಗ ನಾಲ್ಕು ಗೀರು ನೀರಿನೊಳಗೆ ಇರಬೇಕು. ಇದ್ದದ್ದು ಎರಡು. ಕೆಸರಿನಲ್ಲಿ ನಿಂತು ಅಳೆದರೆ ಎರಡು ಪಾಳಿಯ ನೀರು. ಹೊಡೆ ತುಂಬಲು ಒಂದು, ಕಾಳು ಗಟ್ಟಿಯಾಗಲು ಒಂದು. ಅಷ್ಟು ಸಿಕ್ಕರೆ ಊರು ಉಳಿಯುತ್ತಿತ್ತು. ಕಲ್ಲಿನ ಮೇಲೆ ನಿಂತು ಅಳೆದರೆ ಒಂದು ಪಾಳಿಯೂ ಪೂರ್ತಿಯಾಗುತ್ತಿರಲಿಲ್ಲ.

ಅವಳು ಕೊನೆಯ ಗದ್ದೆಯವರ ಮನೆಮನೆಗೆ ಹೋಗಿ, ಕಲ್ಲು ಕಿತ್ತುಹಾಕಿ ಎಂದಳು. ಅವರು, ನಡುವಿನವರು ಮೊದಲು ಕೀಳಲಿ ಎಂದರು. ನಡುವಿನವರ ಬಳಿ ಹೋದಳು. ಗೌಡರು ಮೊದಲು ಕೀಳಲಿ ಎಂದರು. ಗೌಡನ ಬಾಗಿಲಿಗೂ ಹೋದಳು. ಗೌಡ ಎಲೆಗೆ ಸುಣ್ಣ ಹಚ್ಚುತ್ತ, “ಊರೋರೆಲ್ಲ ಕಿತ್ತಾಕ್ಲಿ, ಆಮ್ಯಾಕೆ ನೋಡಾನ” ಎಂದ. ಹೀಗೆ ಒಬ್ಬರನ್ನೊಬ್ಬರು ತೋರಿಸುತ್ತ ಊರು ದುಂಡಗೆ ನಿಂತುಬಿಟ್ಟಿತ್ತು. ಮಾರಕ್ಕನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಮೂಲೆಯಲ್ಲಿದ್ದ ಅಪ್ಪನ ಸನಿಕೆಯನ್ನು ಹೊರಗೆ ತೆಗೆದಳು.

ಏಳನೆಯ ಪಾಳಿಯ ದಿನ. ಬೆಳಿಗ್ಗೆ ತೂಬು ಎತ್ತಿದರು. ನೀರು ಗೌಡನ ಗದ್ದೆಗೆ ನುಗ್ಗುತ್ತಿತ್ತು. ಈರಣ್ಣ ಕಲ್ಲಿನ ಮೇಲೆ ನಿಂತಿದ್ದ. ಗೌಡ ಬದುವಿನ ಮೇಲೆ ಕೊಡೆ ಬಿಡಿಸಿಕೊಂಡು ನಿಂತಿದ್ದ, ಪಕ್ಕದಲ್ಲಿ ಅವನ ಆಳು. ಮಾರಕ್ಕ ಸೀರೆಯನ್ನು ಮೇಲಕ್ಕೆ ಕಟ್ಟಿ, ಯಾರನ್ನೂ ಕೇಳದೆ ಗದ್ದೆಗೆ ಇಳಿದು ಈರಣ್ಣನ ಕಲ್ಲಿನ ಪಕ್ಕದಲ್ಲಿ ಕೆಸರಿನಲ್ಲಿ ನಿಂತಳು. ನೀರು ಏರಿತು. ಕಲ್ಲಿನ ಮೇಲೆ ಈರಣ್ಣನ ಅಂಗಾಲು ಇನ್ನೂ ಒಣಗಿಯೇ ಇತ್ತು. ಕೆಸರಿನಲ್ಲಿ ಅವಳ ಹರಡು ಮುಳುಗಿತು.

“ಸಾಕು” ಎಂದಳು ಮಾರಕ್ಕ.

ಗೌಡನಿಗೆ ಮೊದಲು ನಗು ಬಂತು. “ನೀನ್ಯಾರೇ ಸಾಕು ಅನ್ನಾಕೆ? ನೀರಗಂಟಿ ಅಲ್ಲಿ ನಿಂತವ್ನೆ, ಕಾಣಾಕಿಲ್ವಾ?”

“ಕಾಣ್ತದೆ ಗೌಡ್ರೇ. ಅವ್ನು ನಿಂತಿರೋದು ಕಲ್ಲಿನ್ ಮ್ಯಾಲೆ. ಭತ್ತ ನಿಂತಿರೋದು ಕೆಸರ್ನಾಗೆ. ನಾನೂ ಕೆಸರ್ನಾಗೇ ನಿಂತಿವ್ನಿ.”

ಅಷ್ಟು ಹೇಳಿ ಅವಳು ನಡೆದುಹೋಗಿ ಒಂದು ಹೆಂಟೆ ಎತ್ತಿ ಗದ್ದೆಯ ಬಾಯಿಗೆ ಹಾಕಿದಳು. ಗೌಡ ಕಣ್ಸನ್ನೆ ಮಾಡಿದ. ಆಳು ಹೆಂಟೆಯನ್ನು ಎಳೆದುಹಾಕಿದ. ಮಾರಕ್ಕ ಸಾಕು ಎಂದು ಇನ್ನೊಂದು ಹೆಂಟೆ ಹಾಕಿದಳು. ಅವನು ಅದನ್ನೂ ಎಳೆದ. ಅವಳು ಮತ್ತೆ ಹಾಕಿದಳು. ಮೂರನೆಯ ಸಲ ಅವನು ಅವಳನ್ನು ದೂಡಿದ. ಅವಳು ಕೆಸರಿಗೆ ಬಿದ್ದಳು. ಎದ್ದಳು. ಮುಖದ ಕೆಸರನ್ನು ತೋಳಿನಿಂದ ಒರೆಸಿಕೊಂಡು ಅದೇ ದನಿಯಲ್ಲಿ ಸಾಕು ಎಂದು ಇನ್ನೊಂದು ಹೆಂಟೆ ಎತ್ತಿದಳು.

ಅವಳು ಕೂಗಲಿಲ್ಲ. ಅಳಲೂ ಇಲ್ಲ. ಅವಳಿಗೆ ಹೆದರಿಕೆ ಇತ್ತು. ಈ ಊರಿನಲ್ಲೇ ನಾಳೆಯೂ ಇರಬೇಕು, ಈ ಗೌಡನ ಮನೆಯ ಮುಂದೆಯೇ ಹಾದುಹೋಗಬೇಕು ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೆಂಟೆ ಎತ್ತುತ್ತಿದ್ದಳು.

ಬಿಸಿಲು ಏರಿತು. ಎಷ್ಟೋ ಸಲ ತೆರೆದ ಮೇಲೆ ಆಳಿಗೆ ಬೇಸರ ಬಂತು. ಅವನ ಮನೆಯೂ ಕೊನೆಯ ಗದ್ದೆಗಳ ಕಡೆಗೇ ಇತ್ತು. ಸೊಂಟ ಹಿಡಿಯಿತು ಎಂದು ಬದುವಿನ ಮೇಲೆ ಕುಳಿತುಬಿಟ್ಟ. ಗೌಡ ಕೊಡೆ ಮಡಚಿ, ಪಂಚೆ ಎತ್ತಿ ಕಟ್ಟಿ, ತಾನೇ ಸನಿಕೆ ಹಿಡಿದ. ಸನಿಕೆಯನ್ನು ಹೇಗೆ ಹಿಡಿಯಬೇಕೆಂಬುದು ಅವನಿಗೆ ಮರೆತೇಹೋಗಿತ್ತು. ಅವನು ಒಂದು ಸಲ ತೆರೆಯುವಷ್ಟರಲ್ಲಿ ಅವಳು ಎರಡು ಸಲ ಮುಚ್ಚುತ್ತಿದ್ದಳು. ಅವನ ಉಸಿರು ತಿದಿಯಂತೆ ಆಡುತ್ತಿತ್ತು.

“ಲೇ ಮಾರಿ,” ಎಂದ ಗೌಡ, “ನಿನ್ ಒಬ್ಳ ಕಾಲು ಊರಿಗೆಲ್ಲ ಸಾಕೇನೇ?”

“ನಮ್ಮಪ್ಪಂದು ಒಂದೇ ಜೊತೆ ಕಾಲಿದ್ದಿದ್ದು ಗೌಡ್ರೇ. ನಲವತ್ತು ವರ್ಸ ಸಾಕಾಗಿತ್ತು.”

ಈರಣ್ಣ ಇದನ್ನೆಲ್ಲ ಕಲ್ಲಿನ ಮೇಲಿಂದ ನೋಡುತ್ತಿದ್ದ. ಮಾರಕ್ಕ ಅವನ ಕಡೆ ತಿರುಗಿದಳು.

“ಅಣ್ಣ, ನಿನ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಒಂದ್ ಕಿತ ಕೆಳಕ್ಕಿಳಿದು ನೋಡು, ಅಷ್ಟೇ ಕೇಳೋದು.”

ಈರಣ್ಣ ಗೌಡನನ್ನು ನೋಡಿದ. ಕೆಳಗಿನ ನೀರನ್ನು ನೋಡಿದ. ಚಪ್ಪಡಿ ಹೊತ್ತ ಹೆಗಲು ಅವನದು. ಭಾರ ಎಲ್ಲಿ ಬೀಳುತ್ತದೆ ಎಂದು ತಿಳಿಯದವನೇನೂ ಅಲ್ಲ. ಅವನು ಕಲ್ಲಿನಿಂದ ಇಳಿದ. ಅಷ್ಟು ಹೊತ್ತಿಗೆ ತೆರೆದು ಮುಚ್ಚಿ ತೆರೆದು ಮುಚ್ಚಿ ಗದ್ದೆಗೆ ಇನ್ನಷ್ಟು ನೀರು ಸೇರಿತ್ತು. ಕೆಸರಿನಲ್ಲಿ ಅವನ ಕಾಲು ಇಳಿದು ನಿಂತಾಗ, ಪೊರಕೆ ಕಡ್ಡಿಯಿಂದ ಅಳೆದು ಆರಿಸಿದ ಆ ಹರಡು ಕಾಣಲೇ ಇಲ್ಲ.

“ಸಾಕು” ಎಂದ ಈರಣ್ಣ.

ಗೌಡ ಬೆಪ್ಪಾದ. “ಲೇ, ನಿನ್ನ ಈ ಕೆಲ್ಸಕ್ಕೆ ನಿಲ್ಸಿದೋನು ನಾನು” ಎಂದ.

“ಹೌದು ಗೌಡ್ರೇ. ಕಾಲು ನಂದು” ಎಂದ ಈರಣ್ಣ.

ಆ ಹೊತ್ತಿಗೆ ನಡು ಮಧ್ಯಾಹ್ನ. ಸುದ್ದಿ ಹಬ್ಬಿ ಊರೆಲ್ಲ ಕಾಲುವೆಯ ದಂಡೆಯ ಮೇಲೆ ಸೇರಿತ್ತು. ಕೊನೆಯ ಗದ್ದೆಯವರು ಓಡಿಬಂದು ಮಾರಕ್ಕನನ್ನು ಕೊಂಡಾಡತೊಡಗಿದರು. ಅವಳನ್ನು ಸುಮ್ಮನಿರಿಸಿದ ಮುದುಕ ಕೈ ಮುಗಿದ. ಮಾರಕ್ಕನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಇಲ್ ನಿಂತ್ಕಂಡು ಏನ್ ಕೈ ಮುಗೀತೀರಿ?” ಎಂದಳು. “ನಿಮ್ ಗದ್ದೆ ಕಲ್ಲು ಗೌಡ್ರು ಬಂದು ಕೀಳ್ಬೇಕಾ?”

ಮೊದಲು ಹೊರಟವನು ಒರಳುಕಲ್ಲಿನವನು; ಅವನಿಗೆ ಮನೆಯಲ್ಲಿಯೂ ಬೈಗುಳ ಸಾಕಾಗಿತ್ತು. ಅವನ ಹಿಂದೆ ಉಳಿದವರು. ಅವರು ಕಲ್ಲು ಹೊತ್ತು ತಂದು ಏರಿಯ ಬುಡದಲ್ಲಿ ಎಸೆದದ್ದನ್ನು ನಡುವಿನವರು ನಿಂತು ನೋಡಿದರು. ನೋಡುತ್ತ ನಿಲ್ಲುವುದು ಎಷ್ಟು ಹೊತ್ತು ಸಾಧ್ಯ? ಅವರೂ ತಮ್ಮ ತಮ್ಮ ಗದ್ದೆಗೆ ಇಳಿದರು. ಸಂಜೆಯೊಳಗೆ ಏರಿಯ ಬುಡದಲ್ಲಿ ಕಲ್ಲಿನ ಗುಡ್ಡೆ ಬಿದ್ದಿತ್ತು. ಆಮೇಲೆ ಏರಿ ಸವೆದ ಕಡೆ ಕಟ್ಟಲು ಆ ಕಲ್ಲುಗಳೇ ಒದಗಿದವು.

ಗೌಡ ತನ್ನ ಕಲ್ಲನ್ನು ಕೀಳಲಿಲ್ಲ. ಸಾಕು ಎಂದು ಒಪ್ಪಿಕೊಳ್ಳಲೂ ಇಲ್ಲ. ಸನಿಕೆ ಬಿಸಾಡಿ ಮನೆಗೆ ಹೋದ. ಆದರೆ ಅವನ ಗದ್ದೆಯ ಬಾಯನ್ನು ಮತ್ತೆ ತೆರೆಯಲು ಆ ಊರಿನಲ್ಲಿ ಒಂದು ಕೈಯೂ ಸಿಗಲಿಲ್ಲ.

ನೀರು ಮುಂದಕ್ಕೆ ಹೋಯಿತು. ಅದರ ಜೊತೆಗೆ ಮಾರಕ್ಕ ಗದ್ದೆಯಿಂದ ಗದ್ದೆಗೆ ಹೋದಳು. ಈರಣ್ಣ ಹೊಸ ಸನಿಕೆಯನ್ನು ಚಾವಡಿಯಲ್ಲಿ ಒರಗಿಸಿಟ್ಟು ಮತ್ತೆ ಚಪ್ಪಡಿ ಹೊರಲು ಹೋದ. ಯಾರೂ ಅವಳನ್ನು ನೀರಗಂಟಿ ಎಂದು ಚಾವಡಿಯಲ್ಲಿ ಸೇರಿ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಕಟ್ಟಕಡೆಯ ಗದ್ದೆಗೆ ನೀರು ಮುಟ್ಟಿದಾಗ ಬಾಯಿಬಿಟ್ಟ ನೆಲ ಬುಳುಬುಳು ಎಂದು ಕುಡಿಯಿತು. ಅದು ಆ ಮುದುಕನ ಗದ್ದೆ. ಅವಳ ಹರಡು ಮುಳುಗಿತು. ಸಾಕು ಎಂದು ಸನಿಕೆ ಎತ್ತಿದಳು.

“ಇನ್ನೊಂಚೂರು ಬಿಡವ್ವ, ಎಷ್ಟು ದಿನದಿಂದ ಒಣಗೈತೆ” ಎಂದು ಮುದುಕ ಬೇಡಿಕೊಂಡ.

ಅವಳಿಗೆ ಗೌಡನ ಎದುರು ಸಾಕು ಎಂದದ್ದಕ್ಕಿಂತ ಈ ಮುದುಕನ ಎದುರು ಎನ್ನುವುದೇ ಕಷ್ಟವಾಯಿತು. ಆದರೂ, “ಇನ್ನೊಂದು ಪಾಳಿ ಐತೆ ಕಣಪ್ಪ. ಸಾಕು” ಎಂದು ಗದ್ದೆಯ ಬಾಯಿ ಮುಚ್ಚಿದಳು.

ಆ ವರ್ಷ ಮೂವತ್ತು ಮನೆಯವರೂ ಭತ್ತ ಕೊಯ್ದರು. ಕಾಳು ಸ್ವಲ್ಪ ಸಣ್ಣದಾಗಿತ್ತು, ಜೊಳ್ಳಾಗಿರಲಿಲ್ಲ. ಗೌಡನ ಗದ್ದೆಯಲ್ಲಿ ಎಂದಿನಷ್ಟೇ ಬೆಳೆಯಿತು, ಒಂದು ಹಿಡಿಯೂ ಕಡಿಮೆಯಾಗಲಿಲ್ಲ. ಕಣದಲ್ಲಿ ಎಲ್ಲರೂ ಮಾರಕ್ಕನಿಗೆ ಮೊರ ತುಂಬಿ ಕೊಟ್ಟರು. ಗೌಡ ಕೊಡಲಿಲ್ಲ. ಅವನು ಬದುಕಿರುವವರೆಗೂ ಕೊಡಲಿಲ್ಲ, ಅವಳೂ ಅವನ ಕಣಕ್ಕೆ ಹೋಗಲಿಲ್ಲ. ಆದರೆ ಪ್ರತಿ ಪಾಳಿಯಲ್ಲೂ ಎಲ್ಲರಿಗಿಂತ ಮೊದಲು ಅವನ ಗದ್ದೆಗೇ ಇಳಿದು, ಕಾಗೆ ಕೂರುವ ಆ ಕಲ್ಲಿನ ಪಕ್ಕದಲ್ಲಿ, ಕೆಸರಿನಲ್ಲಿ ನಿಂತು, ಅವನಿಗೆ ಸಲ್ಲಬೇಕಾದಷ್ಟು ನೀರನ್ನು ಕೊಟ್ಟೇ ಸಾಕು ಎನ್ನುತ್ತಿದ್ದಳು.

ಗುರು ಕತೆ ನಿಲ್ಲಿಸಿದರು. ಬಾವಿಯ ಕಡೆಯಿಂದ ಹಾರೆಯ ಸದ್ದು ಕೇಳಿಸುತ್ತಲೇ ಇತ್ತು.

ಶಿಷ್ಯ, “ಗುರುಗಳೇ, ಅವಳೊಬ್ಬಳೇ ಸಾಕಾಗಲಿಲ್ಲವಲ್ಲ” ಎಂದ. “ಈರಣ್ಣ ಇಳಿದು ಬಂದ. ಊರು ಬಂತು. ಎಲ್ಲರೂ ಬಂದು ಕಲ್ಲು ಕಿತ್ತ ಮೇಲೆ ತಾನೇ ನೀರು ಕೊನೆಯ ಗದ್ದೆ ಮುಟ್ಟಿದ್ದು?”

ಗುರು ಬರಿಗೊಡವನ್ನು ಅವನ ಕಡೆಗೆ ಸರಿಸಿದರು.

“ಅವರೆಲ್ಲ ಬಂದದ್ದು ಮಧ್ಯಾಹ್ನ, ಅವಳು ಸಾಕು ಎಂದದ್ದು ಬೆಳಿಗ್ಗೆ.”